ಎದುರಾಳಿಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?

ಪ್ರಶ್ನೆ: ನಾನು ಸಾಗರ ತಾಲೂಕಿನವನು. ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ, ಒಂದು ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದೇನೆ. ಹೊರರಾಜ್ಯದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಚೆಗೆ ಒಬ್ಬರಿಗೆ ‘ನಮ್ಮ ಎನಿಮಿ ಮಂಡಿಯ ರಾಶಿ ಅಡಿಕೆಗಿಂತ ನಮ್ಮದು ಚೆನ್ನಾಗಿದೆ’ ಎಂಬ ಅರ್ಥದಲ್ಲಿ ಬರೆದೆ (ರಾಶಿ ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆಯ ಒಂದು ಬಗೆ). ಅವರು ಫೋನ್ ಮಾಡಿ ‘ಏನು, ಕೋರ್ಟು ಕೇಸು ನಡೀತಿದೆಯಾ?’ ಎಂದು ಕೇಳಿದರು. ಇನ್ನೊಮ್ಮೆ ನಮ್ಮ ಮ್ಯಾನೇಜರಿಗೆ ‘ಐ ವಿಲ್ ಕನ್‌ಫ್ರಂಟ್ ಯು ಟುಮಾರೊ ಅಟ್ ಟೆನ್’ ಎಂದು ಮೆಸೇಜ್ ಹಾಕಿದೆ. ನಾಳೆ ಹತ್ತು ಗಂಟೆಗೆ ಮುಖಾಮುಖಿ ಮಾತಾಡೋಣ ಅನ್ನುವುದು ನನ್ನ ಅರ್ಥ. ಅವರು ಮರುದಿನ ಸಿಡುಕು ಮುಖದಲ್ಲೇ ಇದ್ದರು. ಮೊಬೈಲಿನ ನಿಘಂಟಿನಲ್ಲಿ ‘ಎದುರಾಳಿ’ ಎಂದು ಹುಡುಕಿದರೆ ರೈವಲ್, ಅಪೋನೆಂಟ್, ಕಾಂಪಿಟಿಟರ್, ಅಡ್ವರ್ಸರಿ ಎಲ್ಲ ಸಾಲಾಗಿ ಬರುತ್ತವೆ. ಎಲ್ಲ ಒಂದೇ ಅಲ್ವಾ? ದೊಡ್ಡ ಪದ ಹಾಕಿದಷ್ಟೂ ಇಂಗ್ಲಿಷ್ ಚೆನ್ನಾಗಿ ಕಾಣುತ್ತೆ ಅಂತ ಗೆಳೆಯರು ಹೇಳ್ತಾರೆ. ಪಟ್ಟಿ ಮಾಡಿ ಬಾಯಿಪಾಠ ಮಾಡಲೇ? ಊರಿನ ವಾಲಿಬಾಲ್ ಪಂದ್ಯಾವಳಿಯ ಇಂಗ್ಲಿಷ್ ಕರಪತ್ರವೂ ಈಗ ನನ್ನ ತಲೆಗೇ ಬಂದಿದೆ.

ಉತ್ತರ: ವ್ಯಾಕರಣ ಸರಿಯಿದೆ, ಸ್ಪೆಲಿಂಗ್ ಸರಿಯಿದೆ, ಆದರೂ ಓದಿದವರು ಹುಬ್ಬು ಗಂಟು ಹಾಕುತ್ತಾರೆ. ನಿಮ್ಮ ತೊಂದರೆ ಇಷ್ಟೇ. ಶಿವಮೊಗ್ಗದಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ಜೊತೆಗೆ ವ್ಯಾಪಾರಿಗಳ ಮತ್ತು ವಕೀಲರ ಕಾಗದಪತ್ರ ಅನುವಾದ ಮಾಡುತ್ತ ಬಂದ ನನಗೆ ಇದು ತೀರಾ ಪರಿಚಯದ ತೊಂದರೆ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಹೀಗಾಯಿತು ಅಂತ ಮಾತ್ರ ಅಂದುಕೊಳ್ಳಬೇಡಿ. ಕಾನ್ವೆಂಟಿನಲ್ಲಿ ಓದಿದವರೂ ಇಲ್ಲೇ ಎಡವುತ್ತಾರೆ.

ಮೊದಲು ಕಾರಣ ನೋಡೋಣ. ಕನ್ನಡದ ‘ಎದುರಾಳಿ’ ತುಂಬಾ ತಣ್ಣಗಿನ ಪದ. ಅವನು ನಮ್ಮ ಎದುರು ಬದಿಯಲ್ಲಿದ್ದಾನೆ ಅನ್ನುವುದಷ್ಟೇ ಅದು ಹೇಳುತ್ತದೆ. ಚದುರಂಗದ ಹಲಗೆಯ ಆಚೆ ಕೂತವನೂ ಎದುರಾಳಿ, ಚುನಾವಣೆಗೆ ನಿಂತವನೂ ಎದುರಾಳಿ, ಪಕ್ಕದ ಬೀದಿಯ ಅಂಗಡಿಯವನೂ ಎದುರಾಳಿ. ಎಷ್ಟು ಬಿಸಿ, ಎಷ್ಟು ದಿನದ್ದು ಅನ್ನುವುದನ್ನು ನಾವು ವಾಕ್ಯದ ಉಳಿದ ಭಾಗದಲ್ಲಿ ಹೇಳುತ್ತೇವೆ, ಇಲ್ಲವೇ ದನಿಯಲ್ಲಿ ತೋರಿಸುತ್ತೇವೆ. ಇಂಗ್ಲಿಷಿನಲ್ಲಿ ಆ ಹೊರೆಯಲ್ಲಿ ಬಹುಪಾಲನ್ನು ಹೆಸರೇ ಹೊರುತ್ತದೆ. ಇಬ್ಬರ ನಡುವೆ ಏನಿದೆ ಎಂಬುದನ್ನು ಪದವೇ ಹೇಳಿಬಿಡುತ್ತದೆ. ‘ಎನಿಮಿ ಮಂಡಿ’ ಎಂದ ಕೂಡಲೇ ಖರೀದಿದಾರರಿಗೆ ಕೋರ್ಟು ಕೇಸು ನೆನಪಾಗಿದ್ದು ಅದಕ್ಕೇ. ಅವರು ತಮಾಷೆ ಮಾಡಲಿಲ್ಲ, ನೀವು ಬರೆದದ್ದನ್ನೇ ಓದಿದರು.

ಎನಿಮಿ ಬಂದದ್ದು ಲ್ಯಾಟಿನ್ನಿನ ‘ಇನಿಮಿಕುಸ್’ ಎಂಬ ಪದದಿಂದ. ಬಿಡಿಸಿದರೆ ‘ಸ್ನೇಹಿತನಲ್ಲದವನು’. ಈಗಿನ ಬಳಕೆಯಲ್ಲಿ ಎನಿಮಿ ಅಂದರೆ ನಿಮಗೆ ಕೆಡುಕಾಗಲಿ ಎಂದು ಬಯಸುವವನು. ಪಕ್ಕದ ಮಂಡಿಯವರಿಗೆ ಬೇಕಾದದ್ದು ನಿಮ್ಮ ನಾಶವಲ್ಲ, ನಿಮ್ಮ ಗಿರಾಕಿ. ಹಾಗಾಗಿ ಅವರು ಕಾಂಪಿಟಿಟರ್. ತುಸು ಹಳೆಯ ಪೈಪೋಟಿಯಾದರೆ ರೈವಲ್.

ರೈವಲ್ ಮಲೆನಾಡಿನವರಿಗೆ ಬೇಗ ತಲೆಗೆ ಹೋಗುವ ಪದ. ಸ್ವಲ್ಪ ನಿಂತು ನೋಡೋಣ. ಲ್ಯಾಟಿನ್ನಿನಲ್ಲಿ ‘ರೀವುಸ್’ ಅಂದರೆ ಹಳ್ಳ, ತೊರೆ. ‘ರೀವಾಲಿಸ್’ ಅಂದರೆ ಒಂದೇ ಹಳ್ಳದ ನೀರನ್ನು ಬಳಸುವ ಇನ್ನೊಬ್ಬ. ರೈವಲ್ ಹುಟ್ಟಿದ್ದು ಅಲ್ಲಿಂದ. ರಿವರ್‌ನಿಂದಲೇ ರೈವಲ್ ಬಂತು ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ರಿವರ್‌ನ ಮೂಲ ‘ರೀಪ’, ಅಂದರೆ ದಡ. ಎರಡೂ ನೀರಿನ ಪಕ್ಕದ ಪದಗಳೇ ಆದರೂ ಬೇರು ಬೇರೆ.

ಅಡಿಕೆ ತೋಟ ಇರುವವರಿಗೆ ‘ರೀವಾಲಿಸ್’ ಅಂದರೇನು ಅಂತ ಬಿಡಿಸಿ ಹೇಳಬೇಕೇ? ಮಾರ್ಚ್-ಏಪ್ರಿಲ್‌ನಲ್ಲಿ ಮೇಲಿನ ತೋಟದವರು ಹಳ್ಳಕ್ಕೆ ಒಡ್ಡು ಕಟ್ಟಿದರೆ ಕೆಳಗಿನ ತೋಟಕ್ಕೆ ನೀರಿಲ್ಲ. ರಾತ್ರಿ ಟಾರ್ಚ್ ಹಿಡಿದು ಹೋಗಿ ಒಡ್ಡಿನ ಕಲ್ಲು ಸರಿಸಿ ಬರುವವರೂ ಇದ್ದಾರೆ. ಆದರೆ ಅದೇ ಎರಡು ಮನೆಯವರು ಮದುವೆ-ಮುಂಜಿಗೆ ಒಟ್ಟಿಗೆ ಕೂತು ಉಣ್ಣುತ್ತಾರೆ, ಅಡಿಕೆ ಗೊನೆ ಕೊಯ್ಲಿಗೆ ಆಳು ಸಿಗದಿದ್ದರೆ ಆಚೆ ಮನೆಯವರಿಂದ ಕರೆಸಿಕೊಳ್ಳುತ್ತಾರೆ. ರೈವಲ್ ಎಂಬ ಪದದೊಳಗೆ ಇಂಥದ್ದೇ ನಂಟಿದೆ. ಇಬ್ಬರಿಗೂ ಬೇಕಾದ್ದು ಒಂದೇ ವಸ್ತು, ಇಬ್ಬರೂ ಹೆಚ್ಚುಕಡಿಮೆ ಸರಿಸಮ, ಮತ್ತು ಇದು ಒಂದು ದಿನದ ಮಾತಲ್ಲ. ಈ ಮೂರೂ ಇದ್ದರೆ ಧೈರ್ಯವಾಗಿ ರೈವಲ್ ಎಂದು ಬರೆಯಿರಿ. ನಿನ್ನೆ ಶುರುವಾದ ಸಣ್ಣ ಮಂಡಿಯನ್ನು ರೈವಲ್ ಅಂದರೆ ನೀವೇ ಅದಕ್ಕೆ ದೊಡ್ಡ ಸ್ಥಾನ ಕೊಟ್ಟಂತೆ.

ಒಂದು ಪಂದ್ಯಕ್ಕೋ ಒಂದು ಚುನಾವಣೆಗೋ ಎದುರಾದವನನ್ನು ಅಪೋನೆಂಟ್ ಅನ್ನಬೇಕು. ಎದುರಿಗೆ ಇಡುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ ಅದು. ಆಟ ಮುಗಿದರೆ ಆ ಸಂಬಂಧವೂ ಮುಗಿಯಿತು. ನಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳಿ. ಸೊರಬದಲ್ಲಿ ಕುಮಾರ್ ಬಂಗಾರಪ್ಪ ಮತ್ತು ಮಧು ಬಂಗಾರಪ್ಪ, ಒಡಹುಟ್ಟಿದವರೇ, ಚುನಾವಣೆಗೆ ಎದುರುಬದುರು ನಿಂತರು. 2018ರಲ್ಲಿ ಕುಮಾರ್ ಗೆದ್ದರು, 2023ರಲ್ಲಿ ಮಧು ಗೆದ್ದರು. 2023ರ ಒಂದು ಚುನಾವಣೆಯ ಬಗ್ಗೆ ಬರೆಯುವಾಗ ಒಬ್ಬರಿಗೆ ಇನ್ನೊಬ್ಬರು ಅಪೋನೆಂಟ್. ಚುನಾವಣೆಯಿಂದ ಚುನಾವಣೆಗೆ ನಡೆದುಬಂದ ಪೈಪೋಟಿಯ ಬಗ್ಗೆ ಬರೆಯುವಾಗ ‘ಪೊಲಿಟಿಕಲ್ ರೈವಲ್ಸ್’. ಯಾವ ಪತ್ರಿಕೆಯೂ ಅವರನ್ನು ‘ಎನಿಮೀಸ್’ ಎಂದು ಬರೆಯುವುದಿಲ್ಲ. ಬರೆದರೆ ಅದು ವರದಿಯಾಗದೆ ಬೇರೇನೋ ಆಗುತ್ತದೆ.

ಇಲ್ಲೇ ಒಂದು ಸಣ್ಣ ಮಾತು. ನಾವು ಕನ್ನಡದಲ್ಲೇ ‘ಆಪೋಸಿಟ್ ಪಾರ್ಟಿ’, ‘ಆಪೋಸಿಟ್ ಟೀಮು’ ಅನ್ನುತ್ತೇವೆ. ನಮ್ಮಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಗ್ರಾಹಕರ ಆಯೋಗದ ಕಾಗದಗಳಲ್ಲಂತೂ ದೂರಿಗೆ ಗುರಿಯಾದವರನ್ನು ‘ಆಪೋಸಿಟ್ ಪಾರ್ಟಿ’ ಎಂದೇ ಕರೆಯುತ್ತಾರೆ, ಅಲ್ಲಿ ಅದೇ ಸರಿ. ಆದರೆ ಆಟದ ವಿಷಯ ಬರೆಯುವಾಗ ‘ಅಪೋಸಿಂಗ್ ಟೀಮ್’ ಅಥವಾ ಸುಮ್ನೆ ‘ದಿ ಅದರ್ ಟೀಮ್’ ಎನ್ನಿ.

ಕಾಂಪಿಟಿಟರ್ ವ್ಯಾಪಾರಕ್ಕೆ ಹೇಳಿ ಮಾಡಿಸಿದ ಪದ. ಇದರ ಲ್ಯಾಟಿನ್ ಮೂಲದ ಅರ್ಥ ‘ಜೊತೆಯಾಗಿ ಅರಸು’. ಕಾಂಪಿಟೆಂಟ್ ಕೂಡ ಅದೇ ಬೇರಿನದು, ಆದರೆ ಈಗ ಎರಡಕ್ಕೂ ಸಂಬಂಧವಿಲ್ಲ. ಸಂದರ್ಶನಕ್ಕೆ ಹೋಗುವ ಹುಡುಗ-ಹುಡುಗಿಯರು ‘ಐ ಆ್ಯಮ್ ವೆರಿ ಕಾಂಪಿಟೀಟಿವ್’ ಅಂತಾರೆ. ತಾನು ಸಮರ್ಥ ಎನ್ನುವುದು ಅವರ ಮನಸ್ಸಿನಲ್ಲಿದೆ. ಕೇಳಿದವರಿಗೆ ಅರ್ಥವಾಗುವುದು ‘ನನಗೆ ಎಲ್ಲರನ್ನೂ ಸೋಲಿಸಲೇಬೇಕು’ ಅಂತ. ಮಾರಾಟದ ಕೆಲಸಕ್ಕೆ ಅದು ಗುಣವೇ ಇರಬಹುದು, ಹತ್ತು ಜನರ ಜೊತೆ ಕೂತು ಮಾಡುವ ಕೆಲಸಕ್ಕೆ ಅಲ್ಲ. ಅದೇ ಪದ ಬೆಲೆಯ ಮುಂದೆ ಬಂದರೆ ಬೇರೆ ಕಥೆ. ‘ಕಾಂಪಿಟೀಟಿವ್ ಪ್ರೈಸ್’ ಅಂದರೆ ಬೇರೆಯವರ ದರದ ಎದುರು ನಿಲ್ಲುವಂಥ ದರ, ಅಂದರೆ ಕೊಳ್ಳುವವನಿಗೆ ಹೊರೆಯಾಗದ ದರ. ನಿಮ್ಮ ಪತ್ರಗಳಲ್ಲಿ ಇದು ಚೆನ್ನಾಗಿ ಹೊಂದುತ್ತದೆ.

ಕಾಂಪಿಟಿಟರ್ ಪದಕ್ಕೆ ಒಂದು ಕೊಕ್ಕೆಯಿದೆ. ಆಟೋಟದಲ್ಲಿ ಅದು ಎದುರಾಳಿಯಲ್ಲ, ಭಾಗವಹಿಸುವ ಯಾರೇ ಆಗಲಿ. ಓಟದ ಸ್ಪರ್ಧೆಯ ನೋಟಿಸಿನಲ್ಲಿ ‘ಆಲ್ ಕಾಂಪಿಟಿಟರ್ಸ್’ ಎಂಟು ಗಂಟೆಗೆ ಬರಬೇಕು ಎಂದಿದ್ದರೆ ನೀವೂ ಬರಬೇಕು. ನಿಮ್ಮ ವಾಲಿಬಾಲ್ ಕರಪತ್ರದಲ್ಲಿ ಈ ಯಾವ ಪದವೂ ಬೇಡ. ‘ಟೀಮ್ಸ್ ಫ್ರಮ್ ಆಲ್ ತಾಲೂಕ್ಸ್ ಆರ್ ವೆಲ್ಕಮ್’ ಎಂದರೆ ಸಾಕು. ನಿಯಮಗಳ ಕಡೆ ಮಾತ್ರ ಒಂದು ಸಲ ಅಪೋನೆಂಟ್ ಬೇಕಾಗಬಹುದು. ಸಮಯಕ್ಕೆ ಬಾರದ ತಂಡದ ಅಪೋನೆಂಟ್ಸ್‌ಗೆ ವಾಕ್‌ಓವರ್ ಸಿಗುತ್ತದೆ ಎಂದು ಬರೆಯುವಲ್ಲಿ. ಅಂದಹಾಗೆ, ‘ಸೋತರೂ ಒಳ್ಳೆ ಫೈಟ್ ಕೊಟ್ಟರು’ ಎನ್ನುವುದನ್ನು ‘ಗೇವ್ ಗುಡ್ ಫೈಟ್’ ಎಂದು ಬರೆಯಬೇಡಿ. ಇಂಗ್ಲಿಷಿನಲ್ಲಿ ಫೈಟನ್ನು ‘ಪುಟ್ ಅಪ್’ ಮಾಡುತ್ತಾರೆ.

ಇನ್ನು ನಿಮ್ಮ ಮ್ಯಾನೇಜರ್ ವಿಷಯ. ಇದು ಎನಿಮಿಗಿಂತ ಸೂಕ್ಷ್ಮ, ಯಾಕೆಂದರೆ ನೀವು ಮಾಡಿದ ಅನುವಾದ ಅಕ್ಷರಶಃ ಸರಿಯಾಗಿಯೇ ಇದೆ. ಕನ್‌ಫ್ರಂಟ್ ಎಂಬುದರೊಳಗೆ ಹಣೆ, ಮುಖ ಎಂಬ ಅರ್ಥದ ಲ್ಯಾಟಿನ್ ಪದ ಕೂತಿದೆ. ಮುಖಕ್ಕೆ ಮುಖ ಕೊಟ್ಟು ನಿಲ್ಲುವುದು ಅಂದರೆ ನಮ್ಮ ಮುಖಾಮುಖಿಯೇ. ಮಧ್ಯಯುಗದ ಲ್ಯಾಟಿನ್ನಿನಲ್ಲಂತೂ ‘ಕನ್‌ಫ್ರಂಟಾರೆ’ ಅಂದರೆ ಎರಡು ಜಮೀನಿನ ಗಡಿ ಒಂದಕ್ಕೊಂದು ತಾಗಿಕೊಂಡಿರುವುದು. ರೈವಲ್‌ಗೆ ಹಳ್ಳ, ಕನ್‌ಫ್ರಂಟ್‌ಗೆ ಬೇಲಿ. ಈ ಎರಡರಲ್ಲಿ ಒಂದರ ತಗಾದೆಯಾದರೂ ಇಲ್ಲದ ಊರು ನಮ್ಮ ಕಡೆ ಎಲ್ಲಿದೆ?

ಆದರೆ ಪದದ ಹುಟ್ಟು ಒಂದು, ಇವತ್ತಿನ ಬಳಕೆ ಇನ್ನೊಂದು. ಕನ್ನಡದಲ್ಲಿ ಮುಖಾಮುಖಿ ತಂಪಾಗಿ ಉಳಿಯಿತು. ಲೇಖಕರೊಂದಿಗೆ ಮುಖಾಮುಖಿ ಅಂತ ಕಾರ್ಯಕ್ರಮ ಇಡುತ್ತೇವೆ, ಕೊನೆಗೆ ಕಾಫಿ ಕುಡಿದು ಬರುತ್ತೇವೆ. ಕನ್‌ಫ್ರಂಟ್ ಬಿಸಿಯಾಗುತ್ತ ಹೋಯಿತು. ಈಗ ಒಬ್ಬ ಮನುಷ್ಯನನ್ನು ಕನ್‌ಫ್ರಂಟ್ ಮಾಡುವುದು ಅಂದರೆ ಅವನ ತಪ್ಪನ್ನು ಅವನ ಮುಖಕ್ಕೇ ಎತ್ತಿ ಹೇಳುವುದು, ‘ಇದಕ್ಕೇನು ಹೇಳ್ತೀಯ’ ಎಂದು ಅಡ್ಡ ನಿಲ್ಲುವುದು. ನಿಮ್ಮ ಮೆಸೇಜನ್ನು ಮ್ಯಾನೇಜರ್ ಓದಿದ್ದು ಹೀಗೆ: ‘ನಾಳೆ ಹತ್ತು ಗಂಟೆಗೆ ನಿಮ್ಮನ್ನು ವಿಚಾರಿಸಿಕೊಳ್ತೀನಿ.’ ಇಡೀ ರಾತ್ರಿ ಅವರು ತಮ್ಮ ತಪ್ಪೇನು ಅಂತ ಹುಡುಕಿರಬೇಕು, ಪಾಪ. ಹೋಗಿ ಕನ್ನಡದಲ್ಲೇ ಹೇಳಿಬಿಡಿ, ‘ಸಾರ್, ಭೇಟಿಯಾಗ್ತೀನಿ ಅಂತ ಬರೆಯೋಕೆ ಹೋಗಿ ಹಾಗಾಯ್ತು’ ಅಂತ. ಮುಂದಿನ ಸಲ ‘ಕೆನ್ ಐ ಮೀಟ್ ಯು ಟುಮಾರೊ ಅಟ್ ಟೆನ್?’ ಸಾಕು.

ಕನ್‌ಫ್ರಂಟ್ ಕೆಟ್ಟ ಪದ ಅಂತಲ್ಲ. ಎದುರು ನಿಲ್ಲಲು ಧೈರ್ಯ ಬೇಕಾದ ಕಡೆ ಅದೇ ಬೇಕು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮ ಔರಂಗಜೇಬನ ಸೈನ್ಯವನ್ನು ‘ಕನ್‌ಫ್ರಂಟ್’ ಮಾಡಿದಳು ಎಂದು ಬರೆದರೆ ಸೊಗಸಾಗಿದೆ. ಅಲ್ಲಿ ‘ಮೆಟ್’ ಅಂದರೆ ಚಹಾಕ್ಕೆ ಕರೆದ ಹಾಗಾಗುತ್ತದೆ. ಇನ್ನೊಂದು ವಿಷಯ, ಈ ಕ್ರಿಯಾಪದದ ನಂತರ ವ್ಯಕ್ತಿ ಬಂದರೆ ನಡುವೆ ‘ವಿತ್’ ಬೇಡ. ಸಮಸ್ಯೆಯೇ ನಮ್ಮೆದುರು ಬಂದು ನಿಂತಾಗ ಮಾತ್ರ ‘ಕನ್‌ಫ್ರಂಟೆಡ್ ವಿತ್’. ನಮ್ಮ ‘ಎದುರಿಸು’ ಪದಕ್ಕೆ ದಿನಬಳಕೆಯಲ್ಲಿ ಸಲೀಸಾದ ಜೋಡಿ ‘ಫೇಸ್’. ಸಮಸ್ಯೆಯನ್ನೂ ಫೇಸ್ ಮಾಡಬಹುದು, ಬೌಲರನ್ನೂ ಫೇಸ್ ಮಾಡಬಹುದು. ಪತ್ರಿಕೆಯ ಕ್ರೀಡಾ ಪುಟದಲ್ಲಿ ‘ಭಾರತ-ಆಸ್ಟ್ರೇಲಿಯಾ ಮುಖಾಮುಖಿ’ ಎಂದಿದ್ದರೆ ಇಂಗ್ಲಿಷಿನಲ್ಲಿ ‘ಇಂಡಿಯಾ ಫೇಸ್ ಆಸ್ಟ್ರೇಲಿಯಾ’.

ಇದರ ನೆಂಟರು ಇನ್ನಿಬ್ಬರನ್ನು ಇಲ್ಲೇ ನೋಡಿಬಿಡೋಣ, ಯಾಕೆಂದರೆ ಮಲೆನಾಡಿನಲ್ಲಿ ಎರಡೂ ದಿನಾ ಕಿವಿಗೆ ಬೀಳುತ್ತವೆ. ಕಾಡಾನೆ ಗದ್ದೆ-ತೋಟಕ್ಕೆ ನುಗ್ಗುವುದನ್ನು ಅರಣ್ಯ ಇಲಾಖೆಯವರು ‘ಹ್ಯೂಮನ್-ಎಲಿಫೆಂಟ್ ಕಾನ್‌ಫ್ಲಿಕ್ಟ್’ ಅನ್ನುತ್ತಾರೆ. ಕಾನ್‌ಫ್ಲಿಕ್ಟ್ ಅಂದರೆ ಮುಗಿಯದೆ ಎಳೆದುಕೊಂಡು ಹೋಗುವ ಸ್ಥಿತಿ. ಇಬ್ಬರ ಬದುಕಿನ ಬೇಡಿಕೆಗಳೇ ಒಂದಕ್ಕೊಂದು ಅಡ್ಡ ಬರುತ್ತವೆ, ಬೈದಾಡಲೇಬೇಕೆಂದಿಲ್ಲ. ಎರಡು ಮೀಟಿಂಗ್ ಒಂದೇ ಹೊತ್ತಿಗೆ ಬಿದ್ದರೂ ಕಾನ್‌ಫ್ಲಿಕ್ಟೇ. ಒಂದು ಬೆಳಿಗ್ಗೆ ಕಾಫಿ ತೋಟದ ದಾರಿಯಲ್ಲಿ ತಟ್ಟನೆ ಆನೆ ಎದುರಾದರೆ ಅದು ಎನ್‌ಕೌಂಟರ್, ಅನಿರೀಕ್ಷಿತ ಭೇಟಿ. ಆದರೆ ನಮ್ಮ ದೇಶದ ಪತ್ರಿಕೆಗಳಲ್ಲಿ ಎನ್‌ಕೌಂಟರ್ ಅಂದರೆ ಪೊಲೀಸರ ಗುಂಡು. ನಕ್ಸಲ್ ಸುದ್ದಿಗಳ ಕಾಲವನ್ನು ಕಂಡ ಇಲ್ಲಿನ ಜನಕ್ಕೆ ಆ ಪದ ಕೇಳಿದರೆ ಬೇರೆ ಅರ್ಥ ಹೊಳೆಯುವುದೇ ಇಲ್ಲ. ಹೊರದೇಶದವರು ‘ಅವರ್ ಫಸ್ಟ್ ಎನ್‌ಕೌಂಟರ್’ ಎಂದು ಬರೆದರೆ ಗಾಬರಿ ಬೇಡ. ನೀವಾಗಿ ಬರೆಯುವಾಗ ಬಿಟ್ಟುಬಿಡಿ.

ಉಳಿದವನ್ನು ಬೇಗ ಹೇಳುತ್ತೇನೆ. ಅಡ್ವರ್ಸರಿ ತೂಕದ ಪದ. ದೇಶ-ದೇಶದ ನಡುವೆ, ಕೋರ್ಟಿನಲ್ಲಿ, ಇತಿಹಾಸದಲ್ಲಿ ಸರಿ. ಅಡಿಕೆ ಧಾರಣೆಯ ಪತ್ರದಲ್ಲಿ ಮದುವೆ ಮನೆಗೆ ಕರಿ ಕೋಟು ಹಾಕಿಕೊಂಡು ಹೋದಂತೆ. ಕಾಂಟೆಸ್ಟ್ ಹುಟ್ಟಿದ್ದು ಸಾಕ್ಷಿ ಕರೆಯುವುದು ಎಂಬ ಅರ್ಥದಿಂದ. ಅದಕ್ಕೇ ಚುನಾವಣೆಯನ್ನೂ ಕಾಂಟೆಸ್ಟ್ ಮಾಡಬಹುದು, ಒಂದು ತೀರ್ಮಾನವನ್ನೂ ಕಾಂಟೆಸ್ಟ್ ಮಾಡಬಹುದು. ಎರಡನೆಯದರ ಅರ್ಥ ‘ಒಪ್ಪುವುದಿಲ್ಲ, ಪ್ರಶ್ನಿಸುತ್ತೇನೆ’. ಫ್ಯೂಡ್ ಅಂದರೆ ನಮ್ಮ ಜಿದ್ದು, ತಲೆಮಾರು ದಾಟಿದ್ದು. ಆದರೆ ‘ಜಿದ್ದಾಜಿದ್ದಿನ ಪಂದ್ಯ’ ಫ್ಯೂಡ್ ಅಲ್ಲ, ‘ಕ್ಲೋಸ್ ಕಾಂಟೆಸ್ಟ್’. ಶೋಡೌನ್ (ಕೊನೆಯ ಹಣಾಹಣಿ), ನೆಮೆಸಿಸ್ (ಸೋಲಿಸಲಾಗದ ಎದುರಾಳಿ) ಇವೆಲ್ಲ ತಲೆಬರಹದ ಪದಗಳು, ಸಿಕ್ಕಲ್ಲಿ ಓದಿಕೊಂಡರಾಯಿತು.

ಪದ ಎಷ್ಟು ಬಿಸಿ ಎಂದು ತಿಳಿಯಲು ನನ್ನ ವಿದ್ಯಾರ್ಥಿಗಳಿಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಅದರ ಮುಂದೆ ‘ಫ್ರೆಂಡ್ಲಿ’ ಇಟ್ಟು ನೋಡಿ. ‘ಫ್ರೆಂಡ್ಲಿ ಕಾಂಪಿಟಿಷನ್’ ಕೂರುತ್ತದೆ. ‘ಫ್ರೆಂಡ್ಲಿ ರೈವಲ್ರಿ’ಯೂ ಕೂರುತ್ತದೆ, ಇಂಗ್ಲಿಷಿನವರು ಬಹಳ ಬಳಸುವ ಜೋಡಿ ಅದು. ‘ಫ್ರೆಂಡ್ಲಿ ಎನಿಮಿ’ ನಗು ಬರಿಸುತ್ತದೆ. ‘ಫ್ರೆಂಡ್ಲಿ ಕನ್‌ಫ್ರಂಟೇಷನ್’ ಆಗುವುದೇ ಇಲ್ಲ. ಕೂರದ ಪದವನ್ನು ವ್ಯಾಪಾರದ ಪತ್ರದಲ್ಲಿ ಹಾಕುವ ಮೊದಲು ಎರಡು ಸಲ ಯೋಚಿಸಿ.

ಈಗ ನಿಮ್ಮ ಮುಂದಿರುವ ದಾರಿಗಳು. ಎಲ್ಲ ಕಡೆ ಕಾಂಪಿಟಿಟರ್ ಒಂದನ್ನೇ ಹಾಕಿಕೊಂಡು ಹೋಗಬಹುದು. ಮಂಡಿಯ ಕೆಲಸಕ್ಕೆ ಇದು ಸಾಕು, ಆಟ ಮತ್ತು ಕೋರ್ಟಿನ ವಿಷಯ ಬಂದಾಗ ಕೈಕೊಡುತ್ತದೆ. ಮೊಬೈಲ್ ಅನುವಾದ ಬಳಸುವುದಾದರೆ ಬಳಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅದು ಕೊಟ್ಟ ಪದವನ್ನು ಕಲಿಯುವವರಿಗಾಗಿಯೇ ಮಾಡಿದ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ನಿಘಂಟಿನಲ್ಲಿ ಒಮ್ಮೆ ನೋಡಿ. ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥಕ್ಕಿಂತ ಕೆಳಗಿರುವ ಉದಾಹರಣೆ ವಾಕ್ಯ ಓದಿ. ಕನ್‌ಫ್ರಂಟ್‌ನ ಕೆಳಗಿನ ವಾಕ್ಯಗಳಲ್ಲಿ ತಪ್ಪು, ಆರೋಪ, ಪೊಲೀಸ್ ಇಂಥವೇ ಇದ್ದರೆ ಮ್ಯಾನೇಜರಿಗೆ ಕಳಿಸುವ ಪದ ಅದಲ್ಲ ಎಂದು ತಾನಾಗಿ ಗೊತ್ತಾಗುತ್ತದೆ. ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ಮಾತ್ರ ಬೇಡ. ‘ಎದುರಾಳಿ = ಇವು ನಾಲ್ಕು’ ಅಂತ ಬರೆದುಕೊಂಡ ಪಟ್ಟಿಯೇ ನಿಮ್ಮನ್ನು ಇಲ್ಲಿಗೆ ತಂದದ್ದು.

ನನ್ನನ್ನು ಕೇಳಿದರೆ, ವ್ಯಾಪಾರದ ಪತ್ರದಲ್ಲಿ ಹತ್ತಕ್ಕೆ ಒಂಬತ್ತು ಸಲ ಈ ಯಾವ ಪದವೂ ಬೇಕಾಗಿಲ್ಲ. ಖರೀದಿದಾರರಿಗೆ ಬೇಕಾದ್ದು ನಿಮ್ಮ ರಾಶಿಯ ಬಣ್ಣ, ಒಣಗಿದ ಹದ, ಆಯ್ದ ರೀತಿ, ದರ. ಆಚೆ ಮಂಡಿಯ ಸುದ್ದಿ ಅವರಿಗೆ ಯಾಕೆ? ‘ನಮ್ಮ ಸ್ಯಾಂಪಲನ್ನು ಮಾರುಕಟ್ಟೆಯ ಯಾವ ಸ್ಯಾಂಪಲ್ ಜೊತೆ ಬೇಕಾದರೂ ಹೋಲಿಸಿ ನೋಡಿ’ ಎಂಬರ್ಥದ ಒಂದು ವಾಕ್ಯ ಬರೆಯಿರಿ. ಹೋಲಿಸಲೇಬೇಕಾದರೆ ‘ಅದರ್ ಸಪ್ಲೈಯರ್ಸ್’ ಎನ್ನಿ. ಅಷ್ಟು ಅಸ್ಪಷ್ಟವಾಗಿ ಬರೆದರೆ ಯಾರ ಬಗ್ಗೆ ಅಂತ ತಿಳಿಯದೆ ಹೋಗಬಹುದು ನಿಜ, ಆದರೆ ಹೆಸರು ಹಾಕಿ ‘ಅವರ ಸರಕು ಕಳಪೆ’ ಎಂದು ಬರೆದರೆ ಮಾನನಷ್ಟದ ನೋಟಿಸು ಬರಲೂ ಸಾಧ್ಯ. ಇಮೇಲ್ ಅಳಿಸಿದರೂ ಆಚೆಯವರ ಹತ್ತಿರ ಇರುತ್ತದೆ.

ದೊಡ್ಡ ಪದ ಹಾಕಿದರೆ ಚೆನ್ನಾಗಿ ಕಾಣುತ್ತೆ ಎಂಬ ಗೆಳೆಯರ ಮಾತಿಗೆ ನಿಮ್ಮ ಕೈಯಲ್ಲೇ ಉತ್ತರವಿದೆ. ‘ಮೀಟ್’ ಬಿಟ್ಟು ‘ಕನ್‌ಫ್ರಂಟ್’ ಹಾಕಿದ್ದು ನೀವೇ ಅಲ್ವಾ?

ಫೋನಿನಲ್ಲಿ ಮಾತಾಡುವುದೂ ಇರುತ್ತದೆ ಎಂದುಕೊಂಡು ಉಚ್ಚಾರದ ಬಗ್ಗೆ ಎರಡು ಮಾತು. ನಮ್ಮ ಕಡೆ ಎಲ್ಲರ ಬಾಯಲ್ಲೂ ‘ಕಾಂಪಿಟೇಟರ್’. ಸರಿಯಾದದ್ದು ‘ಕಂಪೆಟಿಟರ್’, ಒತ್ತು ‘ಪೆ’ ಮೇಲೆ. ಅಪೋನೆಂಟ್‌ನಲ್ಲಿ ಒತ್ತು ‘ಪೋ’ ಮೇಲೆ, ಮೊದಲಕ್ಷರದ ಮೇಲಲ್ಲ. ಕಾಂಟೆಸ್ಟ್, ಕಾನ್‌ಫ್ಲಿಕ್ಟ್ ಎರಡೂ ನಾಮಪದವಾಗಿ ಬಂದಾಗ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದಾಗ ಎರಡನೆಯ ಭಾಗಕ್ಕೆ. ಮೇಲೆ ಹೇಳಿದ ನಿಘಂಟುಗಳಲ್ಲಿ ಪದದ ಪಕ್ಕ ಸ್ಪೀಕರ್ ಚಿತ್ರ ಇರುತ್ತದೆ, ಒತ್ತಿದರೆ ಕೇಳಿಸುತ್ತದೆ.